ಪರವಾನಗಿ ಇಲ್ಲದ ವಾಹನ ಚಾಲನೆ: ಕಡೂರು, ತರೀಕೆರೆ, ಅಜ್ಜಂಪುರ

ಪರವಾನಗಿ ಇಲ್ಲದೆ, ಊರಿನ ಮಾತಿನಲ್ಲಿ ‘ಡಿಎಲ್ ಇಲ್ಲದೆ’, ಸಾರ್ವಜನಿಕ ರಸ್ತೆಯಲ್ಲಿ ವಾಹನ ಓಡಿಸುವುದು ಮೋಟಾರು ವಾಹನ ಕಾಯ್ದೆ 1988ರ 3ನೇ ಸೆಕ್ಷನ್ನಿನ ಉಲ್ಲಂಘನೆ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಹಾಗೂ ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರ, ಈ ಮೂರಕ್ಕೂ ಪರವಾನಗಿ ಕೊಡುವುದು ತರೀಕೆರೆಯ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿ. ಇಲ್ಲಿನ ವಾಹನಗಳ ಫಲಕದಲ್ಲಿ ಕಾಣುವ ಕೆಎ-66 ಈ ಕಚೇರಿಯದು. ಈ ಕಚೇರಿ ಬರುವ ಮೊದಲು ಎಲ್ಲರೂ ಕೆಎ-18ರ ಚಿಕ್ಕಮಗಳೂರಿಗೇ ಹೋಗಬೇಕಿತ್ತು.

ಬ್ರಿಟನ್ನಿನಲ್ಲಿ 1903ರ ಕಾಯ್ದೆಯಿಂದಲೇ ಪರವಾನಗಿ ಕಡ್ಡಾಯವಾದರೂ ಚಾಲನಾ ಪರೀಕ್ಷೆ ಕಡ್ಡಾಯವಾದದ್ದು 1935ರಲ್ಲಿ. ಬ್ರಿಟಿಷ್ ಇಂಡಿಯಾಕ್ಕೆ 1914ರ ಕಾಯ್ದೆ ಬಂತು, ಅದರ ಜಾಗಕ್ಕೆ 1939ರ ಕಾಯ್ದೆ. ಆಗ ಈ ಸೀಮೆ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರು ಬಂದದ್ದು 1947ರಲ್ಲಿ. 1939ರ ಕಾಯ್ದೆಯ ದೊಡ್ಡ ಕೊಡುಗೆ ಮೂರನೆಯವರ ವಿಮೆ. 1946ರ ಜುಲೈ 1ರಿಂದ ಜಾರಿಗೆ ಬಂದ ಆ ಅಧ್ಯಾಯವೇ, ಚಾಲಕನಿಗೆ ಪರವಾನಗಿ ಇಲ್ಲದಿದ್ದರೆ ವಿಮಾ ಕಂಪನಿ ಹೊಣೆ ನಿರಾಕರಿಸಬಹುದು ಎಂಬ ವಾದಕ್ಕೂ ದಾರಿ ಮಾಡಿಕೊಟ್ಟಿತು. ಆ ಮೇಲಿನ ಇತಿಹಾಸವೆಲ್ಲ ಬಹುಮಟ್ಟಿಗೆ ಈ ವಾದದ ಸುತ್ತಲೇ ನಡೆದಿದೆ.

1989ರ ಜುಲೈ 1ರಂದು ಜಾರಿಗೆ ಬಂದ ಈಗಿನ ಕಾಯ್ದೆಯ 181ನೇ ಸೆಕ್ಷನ್ನಿನಲ್ಲಿ ಮೊದಲು ಇದ್ದದ್ದು ಮೂರು ತಿಂಗಳವರೆಗೆ ಸೆರೆ ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2019ರ ಸೆಪ್ಟೆಂಬರ್ 1ರಿಂದ ದಂಡ 5,000 ರೂಪಾಯಿಗೆ ಏರಿತು. ಪರವಾನಗಿ ಇಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕನಿಗೂ 180ನೇ ಸೆಕ್ಷನ್ನಿನಲ್ಲಿ ಅಷ್ಟೇ ದಂಡ. ಕರ್ನಾಟಕ ಸರ್ಕಾರ ಅದೇ ತಿಂಗಳು ಹಲವು ಅಪರಾಧಗಳಿಗೆ ಸ್ಥಳದಲ್ಲೇ ಕಟ್ಟುವ ದಂಡವನ್ನು ಇಳಿಸಿತು. ಅವಧಿ ಮುಗಿದ ಪರವಾನಗಿಗೆ ಇದ್ದ 30 ದಿನಗಳ ವಿನಾಯಿತಿಯೂ 2019ರಲ್ಲಿ ಹೋಯಿತು. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು.

ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಕಾನೂನು ತೀರಾ ಕಠಿಣವಾಗಿದೆ. ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ 199ಎ ಸೆಕ್ಷನ್ನಿನಂತೆ ಪೋಷಕರು ಅಥವಾ ವಾಹನ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ‘ನನಗೆ ಗೊತ್ತಿಲ್ಲದೆ ಗಾಡಿ ತೆಗೆದುಕೊಂಡು ಹೋದ’ ಎಂದರೆ ಅದನ್ನು ಸಾಬೀತು ಮಾಡುವ ಹೊಣೆ ಅಪ್ಪನದೇ.

ಆದರೂ ದಂಡ ಈ ಪರಿಣಾಮಗಳಲ್ಲಿ ಚಿಕ್ಕದು. ಮನೆ ಮುಳುಗಿಸುವುದು ಅಪಘಾತದ ಪರಿಹಾರ. ಬೆಂಗಳೂರು–ಶಿವಮೊಗ್ಗ ಹೆದ್ದಾರಿ ಕಡೂರು, ಬೀರೂರು, ತರೀಕೆರೆ ಸೀಮೆಯ ಮೂಲಕವೇ ಹಾದುಹೋಗುತ್ತದೆ. ಕಡೂರು, ತರೀಕೆರೆಗಳ ಹಿರಿಯ ಸಿವಿಲ್ ನ್ಯಾಯಾಲಯಗಳೇ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಾಗಿಯೂ ಕೆಲಸ ಮಾಡುತ್ತವೆ. 2004ರ ಜನವರಿಯಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಎರಡು ಮಾತು ಹೇಳಿತು: ಪರವಾನಗಿ ಇರಲಿಲ್ಲ ಎಂದಷ್ಟೇ ತೋರಿಸಿದರೆ ವಿಮಾ ಕಂಪನಿಗೆ ಬಿಡುಗಡೆ ಇಲ್ಲ, ಮಾಲೀಕನ ತಪ್ಪನ್ನೂ ಸಾಬೀತು ಮಾಡಬೇಕು; ಸಾಬೀತಾದರೂ ನೊಂದವರಿಗೆ ಮೊದಲು ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳುವಂತೆ ನ್ಯಾಯಮಂಡಳಿ ಆದೇಶಿಸಬಹುದು. ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ 2020ರಲ್ಲಿ ಯಲ್ಲವ್ವ ಪ್ರಕರಣದಲ್ಲಿ ಇದೇ ದಾರಿಯನ್ನು ಗಟ್ಟಿ ಮಾಡಿತು. ಸತ್ತವನ ಹೆಂಡತಿ ಮಕ್ಕಳಿಗೆ ಇದು ನ್ಯಾಯ. ಗಾಡಿಯ ಮಾಲೀಕನಿಗೆ ಮಾತ್ರ ಇದು ಹೊಲ, ತೋಟ ಜಪ್ತಿಯಾಗಬಹುದಾದ ಸಾಲ. ಕಂತಿನಲ್ಲಿ ಬೈಕ್ ತಂದು ಪಕ್ಕದ ಮನೆಯ ಹುಡುಗನಿಗೆ ಕೀ ಕೊಡುವವರು ಇದನ್ನು ತಿಳಿದಿರಲೇಬೇಕು.

ಈರುಳ್ಳಿ, ತೆಂಗು, ಅಡಿಕೆಯ ಈ ಸೀಮೆಯಲ್ಲಿ ಟ್ರ್ಯಾಕ್ಟರ್ ಪ್ರಶ್ನೆಯೂ ದೊಡ್ಡದು. ಕರ್ನಾಟಕದ ನಾಗಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಟ್ರೇಲರ್ ಕಟ್ಟಿ ಸರಕು ಸಾಗಿಸಿದ ಮಾತ್ರಕ್ಕೆ ಟ್ರ್ಯಾಕ್ಟರ್ ಪರವಾನಗಿ ಅಸಿಂಧುವಾಗುವುದಿಲ್ಲ ಎಂದಿತು (2001). ಸರಕಿನ ಪಿಕಪ್ ಗಾಡಿಗಳ ಬಗ್ಗೆ ಇದ್ದ ಗೊಂದಲ ತೀರಿದ್ದು 2024ರ ನವೆಂಬರ್ 6ರಂದು: 7,500 ಕಿಲೋ ಮೀರದ ಸಾರಿಗೆ ವಾಹನಕ್ಕೆ ಲಘು ವಾಹನದ ಪರವಾನಗಿ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪಿತ್ತಿತು.

ಪರವಾನಗಿ ಇಲ್ಲದವನೇ ಅಪಘಾತದಲ್ಲಿ ಗಾಯಗೊಂಡರೆ, ಆ ಕಾರಣಕ್ಕಷ್ಟೇ ಅವನೂ ನಿರ್ಲಕ್ಷ್ಯ ಮಾಡಿದ ಎನ್ನಲಾಗದು ಎಂದು 2008ರಲ್ಲಿ ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇದು ಅನೇಕರಿಗೆ ಗೊತ್ತಿಲ್ಲದ ಹಕ್ಕು. ಗಾಯಾಳುಗಳು ಹೆದರಿ ಅರ್ಜಿಯನ್ನೇ ಹಾಕದೆ ಇರಬಾರದು.

ಕಲಿಕಾ ಪರವಾನಗಿ, ಅಂದರೆ ಎಲ್‌ಎಲ್, ಆರು ತಿಂಗಳು ನಡೆಯುತ್ತದೆ. ಅದು ಕೈಗೆ ಬಂದು 30 ದಿನ ಕಳೆದ ಮೇಲೆ ಈ ಮೂರೂ ತಾಲ್ಲೂಕಿನವರು ಚಾಲನಾ ಪರೀಕ್ಷೆಗೆ ತರೀಕೆರೆಯಲ್ಲೇ ಹಾಜರಾಗಬಹುದು.