ಓದಲು ಬಾರದವನು ಕಟ್ಟಿದ ಶಾಲೆ

ಬೆಳಗಾದರೆ ಮಕ್ಕಳ ಹೆಗಲಿಗೆ ಪುಸ್ತಕದ ಚೀಲವನ್ನೇರಿಸಿ ಶಾಲೆಗೆ ಕಳುಹಿಸುತ್ತೇವೆ. ಅದೊಂದು ವಿಶೇಷ ಸಂಗತಿಯೆಂದು ನಮಗಾರಿಗೂ ತೋರುವುದಿಲ್ಲ. ಆದರೆ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ 1834ರಲ್ಲಿ ಒಂದು ಕಾನೂನು ಜಾರಿಗೆ ಬಂದಿತು. ಗುಲಾಮರಿಗೆ ಓದುಬರಹ ಕಲಿಸುವುದು ಅದರ ಪ್ರಕಾರ ಅಪರಾಧ. ಕಲಿಸಿದವರು ಬಿಳಿಯರಾದರೆ ದಂಡ ಮತ್ತು ಸೆರೆವಾಸ, ಕಪ್ಪುವರ್ಣದವರಾದರೆ ಚಾವಟಿಯೇಟು. ಪವಿತ್ರ ಬೈಬಲನ್ನು ಕಿವಿಯಿಂದ ಕೇಳಬಹುದಿತ್ತು, ಕಣ್ಣಿಂದ ಓದುವಂತಿರಲಿಲ್ಲ. ಆ ಕಾನೂನು ಬಂದ ಐದು ವರ್ಷಗಳ ತರುವಾಯ, 1839ರ ಏಪ್ರಿಲ್ 5ರಂದು, ಅದೇ ರಾಜ್ಯದ ಬ್ಯೂಫೋರ್ಟ್ ಎಂಬ ಕಡಲತೀರದ ಊರಿನಲ್ಲಿ, ಮಕ್ಕೀ ಎಂಬ ಧಣಿಯ ಮನೆಯಲ್ಲಿ ಊಳಿಗಕ್ಕಿದ್ದ ಲಿಡಿಯಾ ಎಂಬಾಕೆಗೆ ಒಂದು ಗಂಡುಮಗು ಹುಟ್ಟಿತು. ರಾಬರ್ಟ್ ಸ್ಮಾಲ್ಸ್ ಎಂದು ಅವನ ಹೆಸರು.

ಹನ್ನೆರಡನೆಯ ವಯಸ್ಸಿಗೆ ಧಣಿ ಅವನನ್ನು ಚಾರ್ಲ್ಸ್‌ಟನ್ ಬಂದರಿಗೆ ಕೂಲಿಗೆ ಕಳುಹಿಸಿದ. ದುಡಿದ ಹಣ ಧಣಿಗೆ ಸೇರುತ್ತಿತ್ತು, ವಾರಕ್ಕೆ ಒಂದೇ ಒಂದು ಡಾಲರ್ ಹುಡುಗನ ಕೈಗೆ ಉಳಿಯುತ್ತಿತ್ತು. ಬೀದಿದೀಪ ಹಚ್ಚಿದ, ಹೊರೆ ಹೊತ್ತ, ಹಾಯಿ ಕಟ್ಟಿದ, ಕೊನೆಗೆ ಹಡಗಿನ ಚುಕ್ಕಾಣಿ ಹಿಡಿಯುವುದನ್ನು ಕಲಿತ. 1856ರಲ್ಲಿ ಹೋಟೆಲಿನ ಕೆಲಸದಾಕೆ ಹನ್ನಾಳನ್ನು ಮದುವೆಯಾದ. ಆಕೆಯೂ ಗುಲಾಮಳೇ. ತಾಯಿ ಗುಲಾಮಳಾದರೆ ಹುಟ್ಟಿದ ಮಗುವೂ ತಾಯಿಯ ಧಣಿಯ ಸೊತ್ತು. ಹೆಂಡತಿ ಮತ್ತು ಮಗಳನ್ನು ಬಿಡಿಸಿಕೊಳ್ಳಲು ಅವನು ಮಾತನಾಡಿಕೊಂಡ ಬೆಲೆ 800 ಡಾಲರ್. ಕೂಡಿಟ್ಟದ್ದು 100 ಡಾಲರ್. ಉಳಿದ ಏಳುನೂರು ಕೂಡುವ ಮೊದಲೇ ಮಗಳನ್ನು ಬೇರೆಯವರಿಗೆ ಮಾರಿಬಿಟ್ಟರೆ? ತಂದೆತಾಯಿಗಳಾದ ನಿಮಗೆ ಆ ಭಯವನ್ನು ವಿವರಿಸಬೇಕಾಗಿಲ್ಲ.

1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ಪಕ್ಷದಲ್ಲಿ 'ಪ್ಲಾಂಟರ್' ಎಂಬ ಉಗಿಹಡಗು ಕೆಲಸ ಮಾಡುತ್ತಿತ್ತು. ಅದರ ಚುಕ್ಕಾಣಿಗೆ ಸ್ಮಾಲ್ಸ್‌ನನ್ನು ನೇಮಿಸಿದರು. ಕೊಲ್ಲಿಯಲ್ಲಿ ನೆಟ್ಟ ಸಿಡಿಗುಂಡುಗಳು ಎಲ್ಲಿವೆ, ಯಾವ ಕೋಟೆಗೆ ಎಷ್ಟು ಸಿಳ್ಳು ಹಾಕಬೇಕು ಎಂಬುದೆಲ್ಲ ಅವನಿಗೆ ಕಂಠಪಾಠವಾಯಿತು. ಅಕ್ಷರ ಕಲಿಯದವನ ನೆನಪಿನ ಶಕ್ತಿಯನ್ನು ಧಣಿಗಳು ಲೆಕ್ಕಕ್ಕೆ ಹಿಡಿಯಲಿಲ್ಲ.

1862ರ ಮೇ 12ರ ರಾತ್ರಿ ಮೂವರು ಬಿಳಿಯ ಅಧಿಕಾರಿಗಳು ನಿಯಮ ಮೀರಿ ದಡದಲ್ಲೇ ಉಳಿದರು. ನಸುಕಿನ ಮೂರರ ಹೊತ್ತಿಗೆ ಹಡಗು ಬಂದರಿನಿಂದ ಕದಲಿತು. ಇನ್ನೊಂದು ಕಟ್ಟೆಯ ಬಳಿ ಕಾದಿದ್ದ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು, ಕಪ್ತಾನನ ಹುಲ್ಲಿನ ಟೋಪಿಯನ್ನು ತಲೆಗೆ ಎಳೆದುಕೊಂಡು, ಅವನದೇ ಭಂಗಿಯಲ್ಲಿ ನಿಂತು, ಸ್ಮಾಲ್ಸ್ ಸಮ್ಟರ್ ಕೋಟೆಯ ಫಿರಂಗಿಗಳ ಕೆಳಗೇ ಹಡಗನ್ನು ನಡೆಸಿದ. ಸಿಳ್ಳು ಹಾಕಿದ. ಕಾವಲುಗಾರ ಹೋಗಗೊಟ್ಟ. ಕೋಟೆಯ ಗುಂಡಿನ ಅಳವು ದಾಟಿದ ಮೇಲೆ ಬಾವುಟ ಇಳಿಸಿ, ಹನ್ನಾ ತಂದಿದ್ದ ಹಾಸಿಗೆಯ ಬಿಳಿ ಹೊದಿಕೆಯನ್ನು ಏರಿಸಿದರು. ಒಕ್ಕೂಟದ 'ಆನ್‌ವರ್ಡ್' ನೌಕೆ ಇನ್ನೇನು ಗುಂಡು ಹಾರಿಸಬೇಕು, ಅಷ್ಟರಲ್ಲಿ ಯಾರದೋ ಕಣ್ಣಿಗೆ ಆ ಬಿಳಿ ಬಟ್ಟೆ ಬಿತ್ತು. ಹದಿನಾರು ಜನ ಆ ಮುಂಜಾನೆ ಸ್ವತಂತ್ರರಾದರು.

ಅದೇ ವರ್ಷ ಆಗಸ್ಟಿನಲ್ಲಿ ಸ್ಮಾಲ್ಸ್ ಪಾದ್ರಿ ಮ್ಯಾನ್ಸ್‌ಫೀಲ್ಡ್ ಫ್ರೆಂಚ್‌ರೊಡನೆ ವಾಷಿಂಗ್ಟನ್ನಿಗೆ ಹೋಗಿ, ಕಪ್ಪುವರ್ಣದವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಬೇಕೆಂದು ಕೇಳಿಕೊಂಡರು. ಐದು ಸಾವಿರ ಮಂದಿಯನ್ನು ಸೇರಿಸಿಕೊಳ್ಳಲು ಯುದ್ಧಮಂತ್ರಿ ಸ್ಟ್ಯಾಂಟನ್ ಆ ತಿಂಗಳೇ ಅನುಮತಿಯಿತ್ತರು. 1863ರ ಏಪ್ರಿಲ್ 7ರಂದು ಸ್ಮಾಲ್ಸ್ ಚುಕ್ಕಾಣಿ ಹಿಡಿದಿದ್ದ 'ಕಿಯೋಕಕ್' ನೌಕೆಗೆ ತೊಂಬತ್ತಕ್ಕೂ ಹೆಚ್ಚು ಗುಂಡುಗಳು ತಗುಲಿ ಮರುದಿನ ಅದು ಮುಳುಗಿತು. ಅದೇ ವರ್ಷಾಂತ್ಯದಲ್ಲಿ ಗುಂಡಿನ ಮಳೆಗೆ ಹೆದರಿ 'ಪ್ಲಾಂಟರ್'ನ ಕಪ್ತಾನ ಕಲ್ಲಿದ್ದಲಿನ ಕೋಣೆಯಲ್ಲಿ ಅಡಗಿಕೊಂಡಾಗ ಹಡಗನ್ನು ಪಾರುಮಾಡಿದವರೂ ಸ್ಮಾಲ್ಸ್‌ರೇ. ಆಮೇಲೆ ಅದರ ಕಪ್ತಾನರಾದರು. ಆದರೂ ಮರುವರ್ಷ ಫಿಲಡೆಲ್ಫಿಯಾ ನಗರದಲ್ಲಿ ಈ ಯುದ್ಧವೀರರನ್ನು ಬಿಳಿಯರ ಟ್ರಾಮ್ ಬಂಡಿಯಿಂದ ಇಳಿಸಲಾಯಿತು! ಅದೇ ಊರಿನಲ್ಲಿ, ಹಡಗು ದುರಸ್ತಿಯಾಗುತ್ತಿದ್ದ ತಿಂಗಳುಗಳಲ್ಲಿ, ಇಪ್ಪತ್ತೈದು ವಯಸ್ಸಿನ ಸ್ಮಾಲ್ಸ್ ಗುರುಗಳನ್ನು ಇಟ್ಟುಕೊಂಡು ಓದುಬರಹ ಕಲಿತರು.

2023ರಲ್ಲಿ ಅಮೆರಿಕದ ನೌಕಾದಳ ತನ್ನ ಯುದ್ಧನೌಕೆಯೊಂದಕ್ಕೆ ಅವರ ಹೆಸರಿಟ್ಟಾಗಲೂ ಎಲ್ಲರೂ ನೆನೆದದ್ದು ಆ ಒಂದು ರಾತ್ರಿಯನ್ನೇ. ಅದು ಸಹಜ. ಆದರೆ ಅವರ ಬದುಕಿನ ಹೆಚ್ಚು ಕಠಿಣವಾದ ಭಾಗ ಯುದ್ಧ ಮುಗಿದ ಮೇಲೆಯೇ ತೊಡಗಿತೆಂದು ನನಗೆ ತೋರುತ್ತದೆ. ಕತ್ತಲಲ್ಲಿ ಕೋಟೆಯನ್ನು ದಾಟಲು ಒಂದು ಟೋಪಿ ಸಾಕಾಗಿತ್ತು. ಕಾನೂನಿನ ಕೋಟೆಗೆ ಅಂಥ ಉಪಾಯ ನಡೆಯುವುದಿಲ್ಲ.

1868ರ ಜನವರಿಯಲ್ಲಿ ದಕ್ಷಿಣ ಕೆರೊಲಿನಾದ ಹೊಸ ಸಂವಿಧಾನವನ್ನು ರಚಿಸಲು ಚಾರ್ಲ್ಸ್‌ಟನ್‌ನಲ್ಲಿ ಸಭೆ ಸೇರಿತು. 124 ಪ್ರತಿನಿಧಿಗಳಲ್ಲಿ 76 ಮಂದಿ ಕಪ್ಪುವರ್ಣದವರು, ಅವರಲ್ಲಿ ಹಲವರು ಮೂರು ವರ್ಷದ ಹಿಂದಿನವರೆಗೆ ಮಾರಾಟದ ವಸ್ತುಗಳು. ಅಲ್ಲಿ ಸ್ಮಾಲ್ಸ್ ಎದ್ದು ನಿಂತು, ವರ್ಣಭೇದವಿಲ್ಲದೆ ರಾಜ್ಯದ ಎಲ್ಲ ಮಕ್ಕಳಿಗೂ ತೆರೆದ ಸಾರ್ವಜನಿಕ ಶಾಲೆಗಳು ಬೇಕು, ಕಲಿಕೆ ಕಡ್ಡಾಯವಾಗಬೇಕು ಎಂದು ಠರಾವು ಮಂಡಿಸಿದರು. ತಾವು ಅಕ್ಷರ ಕಲಿತು ನಾಲ್ಕು ವರ್ಷವಾಗಿತ್ತಷ್ಟೆ. ಆ ಸಂವಿಧಾನದಲ್ಲಿ ಸಾರ್ವಜನಿಕ ಶಿಕ್ಷಣ ಸ್ಥಾನ ಪಡೆಯಿತು. ಅದರ ಲಾಭ ಬಡ ಬಿಳಿಯರ ಮಕ್ಕಳಿಗೂ ಸಿಕ್ಕಿತೆಂಬುದನ್ನು ಮರೆಯಬಾರದು. ಅದೇ ವರ್ಷ ಅವರು ರಾಜ್ಯದ ಕೆಳಮನೆಗೆ ಆಯ್ಕೆಯಾದರು, 1870ರಿಂದ ಮೇಲ್ಮನೆಯಲ್ಲಿದ್ದರು, ಮುಂದೆ ಅಮೆರಿಕದ ಸಂಸತ್ತಿನಲ್ಲೂ ಹಲವು ಅವಧಿಗೆ ಕುಳಿತರು.

ಅವರ ಹೆಸರಿಗೆ ಮಸಿ ಬಳಿದ ಪ್ರಕರಣವನ್ನೂ ಹೇಳಬೇಕು. ಬಿಳಿಯರ ಪಕ್ಷ ಮತ್ತೆ ಅಧಿಕಾರಕ್ಕೆ ಬಂದ 1877ರಲ್ಲಿ, ಮುದ್ರಣದ ಗುತ್ತಿಗೆಗಾಗಿ 5,000 ಡಾಲರ್ ಲಂಚ ಪಡೆದರೆಂದು ಅವರಿಗೆ ಮೂರು ವರ್ಷಗಳ ಶಿಕ್ಷೆಯಾಯಿತು. ಮುಖ್ಯ ಸಾಕ್ಷಿ ನುಡಿದವನು ಅದೇ ಹಗರಣದಲ್ಲಿ ತಾನೇ ಸಿಕ್ಕಿಬಿದ್ದಿದ್ದವನು. 1879ರಲ್ಲಿ ರಾಜ್ಯಪಾಲರು ಕ್ಷಮಾದಾನ ನೀಡಿದರು. ಸ್ಮಾಲ್ಸ್ ಮಾತ್ರ ಕೊನೆಯವರೆಗೂ ತಾವು ನಿರ್ದೋಷಿಯೆಂದೇ ಹೇಳಿದರು.

ತೆರಿಗೆ ಬಾಕಿಗಾಗಿ ಹರಾಜಾದ ಮಕ್ಕೀ ಮನೆಯನ್ನು ಅವರು ಯುದ್ಧಕಾಲದಲ್ಲೇ ಕೊಂಡಿದ್ದರು. ಹಿಂದಿನ ಒಡೆಯರು ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1878ರಲ್ಲಿ ಸ್ಮಾಲ್ಸ್‌ರ ಪರವಾಗಿ ತೀರಿತು. ವಯಸ್ಸಾಗಿ ಬುದ್ಧಿ ಮಂಕಾದ ಹಳೆಯ ಯಜಮಾನಿತಿ ಒಂದು ದಿನ ಅದು ಇನ್ನೂ ತನ್ನದೇ ಮನೆಯೆಂದು ತಿಳಿದು ಒಳಬಂದಾಗ, ಅವರು ಆಕೆಯನ್ನು ಹೊರಗಟ್ಟದೆ ಅಲ್ಲೇ ಇರಿಸಿಕೊಂಡರೆಂದು ಆ ಊರಿನಲ್ಲಿ ಹೇಳುತ್ತ ಬಂದಿದ್ದಾರೆ.

1895ರಲ್ಲಿ ಮತ್ತೊಂದು ಸಂವಿಧಾನ ಸಭೆ ಕೊಲಂಬಿಯಾ ನಗರದಲ್ಲಿ ಸೇರಿತು. ಈ ಸಲ 160 ಮಂದಿಯಲ್ಲಿ ಕಪ್ಪುವರ್ಣದವರು ಆರೇ ಜನ. ಬೆನ್ ಟಿಲ್‌ಮನ್ ಎಂಬ ನಾಯಕನ ಗುರಿ ಒಂದೇ, ಕಪ್ಪುಜನರ ಮತದ ಹಕ್ಕನ್ನು ಕಸಿಯುವುದು. ಸಂವಿಧಾನದ ಯಾವುದಾದರೂ ಭಾಗವನ್ನು ಓದಬೇಕು, ಇಲ್ಲವೇ ಓದಿ ಹೇಳಿದ್ದಕ್ಕೆ ಅರ್ಥ ಹೇಳಬೇಕು ಎಂಬ ನಿಯಮ ಬಂತು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿಯ ಅಧಿಕಾರಿ. ಗಮನಿಸಿದಿರಾ? ಒಂದು ಕಾಲಕ್ಕೆ ಓದಿದರೆ ಶಿಕ್ಷೆ, ಈಗ ಓದದಿದ್ದರೆ ಶಿಕ್ಷೆ. ನಮಗೆ ವಿಶೇಷ ರಕ್ಷಣೆ ಬೇಡ, ಬದುಕಿನ ಹೋರಾಟದಲ್ಲಿ ಸಮಾನ ಅವಕಾಶ ಸಾಕು ಎಂದು ಸ್ಮಾಲ್ಸ್ ಆ ಸಭೆಯಲ್ಲಿ ವಾದಿಸಿದರು. ಸೋತರು.

ಕೊನೆಗೆ ಸಹಿ ಹಾಕುವ ದಿನ ಬಂತು. ಸ್ಮಾಲ್ಸ್ ನಿರಾಕರಿಸಿದರು. ಸಹಿ ಹಾಕದವರಿಗೆ ಪ್ರಯಾಣದ ವೆಚ್ಚ ಕೊಡಬಾರದೆಂಬ ಮಾತು ಎದ್ದಿತು. ಕೊಲಂಬಿಯಾದಿಂದ ಬ್ಯೂಫೋರ್ಟ್‌ಗೆ ಸುಮಾರು ಇನ್ನೂರು ಕಿಲೋಮೀಟರ್ ದಾರಿ. ಆ ಕಾಗದಕ್ಕೆ ಸಹಿ ಹಾಕುವುದಕ್ಕಿಂತ ಮನೆಗೆ ನಡೆದೇ ಹೋಗುತ್ತೇನೆ ಎಂದರು ಐವತ್ತಾರು ವಯಸ್ಸಿನ ಕಪ್ತಾನರು.