ಮೆಕ್‌ಡಾನೆಲ್, ಜಾನ್

ಮೆಕ್‌ಡಾನೆಲ್, ಜಾನ್ (2 ಜುಲೈ 1938 – 7 ಜೂನ್ 2021): ಅಮೆರಿಕದ ಅರ್ಕನ್ಸಾ ವಿಶ್ವವಿದ್ಯಾಲಯದ ಪುರುಷರ ಅಥ್ಲೆಟಿಕ್ಸ್ ಹಾಗೂ ಕ್ರಾಸ್‌ಕಂಟ್ರಿ ತಂಡಗಳಿಗೆ 1972ರಿಂದ 2008ರವರೆಗೆ ದುಡಿದ ಐರಿಷ್ ಮೂಲದ ಕೋಚ್. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ದಾಖಲೆಯಲ್ಲಿ ಅವರ ತಂಡಗಳ ಹೆಸರಿಗೆ 40 ರಾಷ್ಟ್ರೀಯ ಪ್ರಶಸ್ತಿಗಳಿವೆ: ಕ್ರಾಸ್‌ಕಂಟ್ರಿಯಲ್ಲಿ 11, ಒಳಾಂಗಣ ಅಥ್ಲೆಟಿಕ್ಸ್‌ನಲ್ಲಿ 19, ಹೊರಾಂಗಣದಲ್ಲಿ 10. ಅವರು ನಿವೃತ್ತರಾದಾಗ ಅಮೆರಿಕದ ಕಾಲೇಜು ಮಟ್ಟದಲ್ಲಿ, ಯಾವ ಕ್ರೀಡೆಯಲ್ಲೂ, ಇನ್ನೊಬ್ಬ ಕೋಚ್ ಈ ಎತ್ತರ ಮುಟ್ಟಿರಲಿಲ್ಲ.

ಐರ್ಲೆಂಡಿನ ಪಶ್ಚಿಮ ಭಾಗದ ಮೇಯೊ ಕೌಂಟಿಯಲ್ಲಿ, ಕ್ರಾಸ್‌ಮೊಲಿನಾ ಊರಿನ ಸಮೀಪದ ಕೃಷಿಕ ಕುಟುಂಬದಲ್ಲಿ ಹುಟ್ಟಿದರು. ದೂರದ ಓಟದಲ್ಲಿ ಹೆಸರು ಮಾಡಿ, 1960ರ ದಶಕದಲ್ಲಿ ಅಮೆರಿಕಕ್ಕೆ ವಲಸೆ ಹೋದರು. ಕೆಲಕಾಲ ನ್ಯೂಯಾರ್ಕಿನಲ್ಲಿ ಟಿವಿ ಕ್ಯಾಮೆರಾ ಕೆಲಸ ಮಾಡಿದ್ದೂ ಉಂಟು. ಆಮೇಲೆ ಲೂಯಿಸಿಯಾನದ ಲಫಯೆಟ್‌ನಲ್ಲಿದ್ದ ವಿಶ್ವವಿದ್ಯಾಲಯಕ್ಕೆ ಓಟಗಾರನಾಗಿ ಸೇರಿ, ರಾಷ್ಟ್ರಮಟ್ಟದ ಉತ್ತಮ ಓಟಗಾರರಿಗೆ ಸಲ್ಲುವ ಆಲ್ ಅಮೆರಿಕನ್ ಗೌರವವನ್ನು ಆರು ಬಾರಿ ಪಡೆದರು. ಪ್ರೌಢಶಾಲೆಗಳಲ್ಲಿ ಪಾಠ, ತರಬೇತಿ ಎರಡನ್ನೂ ಮಾಡಿದ ಬಳಿಕ 1972ರಲ್ಲಿ ಅರ್ಕನ್ಸಾ ವಿಶ್ವವಿದ್ಯಾಲಯ ಅವರನ್ನು ಕ್ರಾಸ್‌ಕಂಟ್ರಿ ಕೋಚ್ ಆಗಿ ನೇಮಿಸಿಕೊಂಡಿತು.

ವಿಶ್ವವಿದ್ಯಾಲಯವಿರುವ ಫಯಟ್‌ವಿಲ್ ಓಜಾರ್ಕ್ ಬೆಟ್ಟಗಳ ನಡುವಿನ ಊರು. ಇಡೀ ರಾಜ್ಯಕ್ಕೆ ಅಮೆರಿಕನ್ ಫುಟ್‌ಬಾಲ್ ಹುಚ್ಚು. ಅಂಥ ಕಡೆ ದೂರದ ಓಟಕ್ಕೆ ಹಣವೂ ಕಡಿಮೆ, ನೋಡುವವರೂ ಕಡಿಮೆ. ಮೆಕ್‌ಡಾನೆಲ್ ತಮಗೆ ಗೊತ್ತಿದ್ದ ನೆಲದಿಂದಲೇ ಶುರು ಮಾಡಿದರು: ಐರ್ಲೆಂಡಿನ ಹುಡುಗರನ್ನು ಕರೆತಂದರು. ನೀಲ್ ಓಶಾನೆಸಿ ಅವರಲ್ಲಿ ಮೊದಲಿಗರ ಪೈಕಿ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಐರ್ಲೆಂಡಿನ ಪರ ಓಡಿದ ಈತ ಮೈಲಿಯನ್ನು ನಾಲ್ಕು ನಿಮಿಷದೊಳಗೆ ಮುಗಿಸಬಲ್ಲವನಾಗಿದ್ದ. 1974ರಲ್ಲಿ ತಂಡ ಸೌತ್‌ವೆಸ್ಟ್ ಕಾನ್ಫರೆನ್ಸ್ ಎಂಬ ಪ್ರಾದೇಶಿಕ ಕಾಲೇಜು ಒಕ್ಕೂಟದ ಕ್ರಾಸ್‌ಕಂಟ್ರಿ ಪ್ರಶಸ್ತಿ ಗೆದ್ದಿತು. ಅಲ್ಲಿಂದ 2007ರವರೆಗೆ, ನಡುವೆ ಅರ್ಕನ್ಸಾ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ಗೆ ಬದಲಾದರೂ, ಪ್ರಾದೇಶಿಕ ಕ್ರಾಸ್‌ಕಂಟ್ರಿಯಲ್ಲಿ ಈ ತಂಡ ಒಂದು ವರ್ಷವೂ ಸೋಲಲಿಲ್ಲ. ಸತತ 34 ಗೆಲುವು. ರಾಷ್ಟ್ರೀಯ ಪ್ರಶಸ್ತಿಗಳಿಗಿಂತಲೂ ಈ ಸರಣಿ ಹೆಚ್ಚು ಬೆರಗು ಹುಟ್ಟಿಸುತ್ತದೆ. ಕಾಲೇಜು ತಂಡವೆಂದರೆ ನಾಲ್ಕೈದು ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗುವ ತಂಡ. ಈ ಅವಧಿಯಲ್ಲಿ ಓಟಗಾರರ ಎಷ್ಟೋ ತಲೆಮಾರುಗಳು ಬಂದು ಹೋದವು, ಕೋಚ್ ಒಬ್ಬರೇ ಉಳಿದರು.

ಇದರ ಕಷ್ಟ ತಿಳಿಯಬೇಕಾದರೆ ಅಂಕ ಎಣಿಸುವ ಕ್ರಮ ಗೊತ್ತಿರಬೇಕು. ಕ್ರಾಸ್‌ಕಂಟ್ರಿಯಲ್ಲಿ ಒಂದು ತಂಡದಿಂದ ಏಳು ಮಂದಿ ಓಡುತ್ತಾರೆ. ಮೊದಲು ಗುರಿ ಮುಟ್ಟಿದ ಐವರ ಸ್ಥಾನಗಳನ್ನು ಕೂಡುತ್ತಾರೆ. ಮೊತ್ತ ಕಡಿಮೆ ಇದ್ದವರು ಗೆದ್ದಂತೆ. ಹಾಗಾಗಿ ಒಬ್ಬ ಅಸಾಮಾನ್ಯ ಓಟಗಾರನಿಂದ ಪ್ರಶಸ್ತಿ ಬರುವುದಿಲ್ಲ, ಐದನೆಯವನ ಕಾಲು ಸೋತರೆ ಎಲ್ಲರ ಶ್ರಮವೂ ನೀರಿಗೆ ಬಿದ್ದಂತೆ. ಅಥ್ಲೆಟಿಕ್ಸ್‌ನಲ್ಲಿ ಲೆಕ್ಕ ಬೇರೆ. ಪ್ರತಿ ಸ್ಪರ್ಧೆಯಲ್ಲೂ ಗೆದ್ದವರಿಗೆ 10 ಅಂಕ, ಎಂಟನೆಯವರಿಗೆ 1. ಓಟ, ಜಿಗಿತ, ಎಸೆತ ಎಲ್ಲವೂ ಮೊತ್ತಕ್ಕೆ ಸೇರುತ್ತವೆ. ವಿದ್ಯಾರ್ಥಿವೇತನಕ್ಕೂ ಮಿತಿಯಿತ್ತು: ಅವರ ವೃತ್ತಿಯ ಕೊನೆಯ ದಶಕದಲ್ಲಿ ಪುರುಷರ ಕ್ರಾಸ್‌ಕಂಟ್ರಿ ಮತ್ತು ಅಥ್ಲೆಟಿಕ್ಸ್ ಎರಡಕ್ಕೂ ಸೇರಿಸಿ ಎನ್‌ಸಿಎಎ ಬಿಡುತ್ತಿದ್ದುದು 12.6 ಪೂರ್ಣ ವೇತನಗಳನ್ನು ಮಾತ್ರ. ಅದನ್ನೇ ಹಂಚಿ ಇಡೀ ತಂಡ ಕಟ್ಟಬೇಕಿತ್ತು.

1970ರ ದಶಕದ ಕೊನೆಗೆ ಅಥ್ಲೆಟಿಕ್ಸ್ ತಂಡದ ಮುಖ್ಯ ಕೋಚ್ ಹುದ್ದೆಯೂ ಮೆಕ್‌ಡಾನೆಲ್‌ಗೆ ಬಂತು. ದೂರದ ಓಟಗಾರರನ್ನಷ್ಟೇ ನಂಬಿ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಲಾಗದು ಎಂಬುದನ್ನು ಅವರು ಬೇಗ ಅರಿತರು. ತಮ್ಮ ವಿದ್ಯೆಯಲ್ಲದ ಜಿಗಿತದ ವಿಭಾಗವನ್ನು ಡಿಕ್ ಬೂತ್ ಎಂಬ ಸಹಾಯಕ ಕೋಚ್‌ಗೆ ಒಪ್ಪಿಸಿದರು. ಅವರ ವೃತ್ತಿಜೀವನದ ಅತಿ ಮುಖ್ಯ ತೀರ್ಮಾನ ಇದೇ ಎನ್ನಬೇಕು. ಆ ವಿಭಾಗದಿಂದ ಬಂದ ಮೈಕ್ ಕಾನ್ಲಿ ಟ್ರಿಪಲ್ ಜಂಪ್‌ನಲ್ಲಿ 1984ರ ಒಲಿಂಪಿಕ್ಸ್ ಬೆಳ್ಳಿ, 1992ರ ಬಾರ್ಸಿಲೋನಾದಲ್ಲಿ ಚಿನ್ನ ಗೆದ್ದರು. ಎರಿಕ್ ವಾಲ್ಡರ್ 1994ರಲ್ಲಿ 8.74 ಮೀಟರ್ ಉದ್ದ ಜಿಗಿದರು. ದೂರದ ಓಟಗಾರರು ತರುವ ಅಂಕಗಳ ಮೇಲೆ ಜಿಗಿತಗಾರರ ಅಂಕಗಳು ಬಿದ್ದಾಗ ಎದುರಾಳಿಗಳಿಗೆ ಉತ್ತರವಿರಲಿಲ್ಲ.

ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1984ರ ಒಳಾಂಗಣ ಕೂಟದಲ್ಲಿ, ಅಂದರೆ ಕೆಲಸಕ್ಕೆ ಸೇರಿ ಹನ್ನೆರಡು ವರ್ಷಗಳಾದ ಮೇಲೆ. ಇಂದಿನ ಕ್ರೀಡಾ ಆಡಳಿತದ ಅವಸರದಲ್ಲಿ ಅಷ್ಟು ಕಾಲ ಕಾಯುವವರು ವಿರಳ. ಆಗಿನ ಕ್ರೀಡಾ ನಿರ್ದೇಶಕ, ಸ್ವತಃ ಖ್ಯಾತ ಫುಟ್‌ಬಾಲ್ ಕೋಚ್ ಆಗಿದ್ದ ಫ್ರ್ಯಾಂಕ್ ಬ್ರಾಯ್ಲ್ಸ್, ಮೆಕ್‌ಡಾನೆಲ್ ಅವರನ್ನು ಉಳಿಸಿಕೊಂಡರು. ಫಲ ಹೇಗಿತ್ತೆಂದರೆ 1984ರಿಂದ 1995ರವರೆಗೆ ಸತತ ಹನ್ನೆರಡು ಒಳಾಂಗಣ ಪ್ರಶಸ್ತಿಗಳು ಅರ್ಕನ್ಸಾಗೇ ದಕ್ಕಿದವು. 1996ರಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾಲಯ ಈ ಸರಣಿಯನ್ನು ಮುರಿಯಿತು. ಹೊರಾಂಗಣದಲ್ಲಿ 1992ರಿಂದ 1999ರವರೆಗೆ ಸತತ ಎಂಟು. ಒಂದೇ ಶೈಕ್ಷಣಿಕ ವರ್ಷದಲ್ಲಿ ನವೆಂಬರಿನ ಕ್ರಾಸ್‌ಕಂಟ್ರಿ, ಮಾರ್ಚಿನ ಒಳಾಂಗಣ ಹಾಗೂ ಜೂನಿನ ಹೊರಾಂಗಣ ಕೂಟಗಳನ್ನು ಗೆಲ್ಲುವ ತ್ರಿವಳಿ ಸಾಧನೆಯನ್ನು ತಂಡ ಐದು ಬಾರಿ ಮಾಡಿತು. ಅದರಲ್ಲಿ 1991ರಿಂದ 1994ರ ನಡುವಿನ ಮೂರು ವರ್ಷ ಒಂದರ ಹಿಂದೊಂದು. ದೂರದ ಓಟಗಾರರು ಈ ಮೂರೂ ಋತುಗಳಲ್ಲಿ ಓಡುವವರು, ಅವರನ್ನು ಗಾಯವಾಗದಂತೆ, ದಣಿಯದಂತೆ ಎಂಟು ತಿಂಗಳು ಕಾಪಾಡುವುದೇ ದೊಡ್ಡ ವಿದ್ಯೆ.

ಬೆಳಗಿನ ಓಟ ತಪ್ಪಬಾರದು, ಶರತ್ಕಾಲದಲ್ಲಿ ಮೈಲಿಗಟ್ಟಲೆ ಓಡಿ ಉಸಿರಿನ ಬಲ ಗಳಿಸಬೇಕು, ವೇಗದ ಅಭ್ಯಾಸ ಅದರ ಮೇಲೆ ನಿಲ್ಲಬೇಕು: ಇದು ಮೆಕ್‌ಡಾನೆಲ್ ಪದ್ಧತಿಯ ತಳಹದಿ. ಆದರೆ ಎಲ್ಲರಿಗೂ ಒಂದೇ ಪಟ್ಟಿ ಹಂಚುವವರಲ್ಲ. ಓಟಗಾರನನ್ನು ಕಣ್ಣಾರೆ ನೋಡಿ ಅಂದಿನ ಅಭ್ಯಾಸವನ್ನು ಹೆಚ್ಚಿಸುವ, ತಗ್ಗಿಸುವ ಜಾಯಮಾನ ಅವರದು. 1987ರ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್‌ನ 3,000 ಮೀಟರ್ ಓಟದಲ್ಲಿ ಚಿನ್ನ ಗೆದ್ದ ಫ್ರ್ಯಾಂಕ್ ಒಮಾರಾ, ಬೆಳ್ಳಿ ಗೆದ್ದ ಪಾಲ್ ಡೊನೊವನ್ ಇಬ್ಬರೂ ಅವರ ಶಿಷ್ಯರೇ. ಜೋ ಫಾಲ್ಕನ್ 1990ರಲ್ಲಿ ಓಸ್ಲೊದ ಡ್ರೀಮ್ ಮೈಲ್ ಎಂಬ ಮೈಲಿ ಓಟ ಗೆದ್ದರು. ಆದರೂ ಕೋಚ್ ಆಗಿ ಅವರ ಕಸುಬನ್ನು ಚೆನ್ನಾಗಿ ತೋರಿಸುವ ಉದಾಹರಣೆ ಡೇನಿಯಲ್ ಲಿಂಕನ್. ಅರ್ಕನ್ಸಾದ ಪುಟ್ಟ ಊರಿನಿಂದ ಬಂದ, ವೈದ್ಯನಾಗಬೇಕೆಂದಿದ್ದ ಈ ಹುಡುಗ ವಿದ್ಯಾರ್ಥಿವೇತನವಿಲ್ಲದೆ ತಂಡ ಸೇರಿಕೊಂಡವನು. 2001ರಿಂದ 2003ರವರೆಗೆ ಮೂರು ವರ್ಷವೂ ಎನ್‌ಸಿಎಎ ಸ್ಟೀಪಲ್‌ಚೇಸ್ ಗೆದ್ದ, 2006ರಲ್ಲಿ ರೋಮ್‌ನಲ್ಲಿ 8 ನಿಮಿಷ 8.82 ಸೆಕೆಂಡಿನಲ್ಲಿ ಓಡಿ ಅಮೆರಿಕದ ದಾಖಲೆ ಬರೆದ. ವೈದ್ಯನೂ ಆದ.

ದಾಖಲೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಇದೆ. ವೇಗದ ಓಟಗಾರನೊಬ್ಬನಿಗೆ ಸಹಾಯಕ ಕೋಚ್ ಒಬ್ಬರು ನಿಯಮಬಾಹಿರವಾಗಿ ನೆರವಾದ ಪ್ರಕರಣದಲ್ಲಿ 2004 ಮತ್ತು 2005ರ ಹೊರಾಂಗಣ ಪ್ರಶಸ್ತಿಗಳನ್ನು ರದ್ದುಪಡಿಸಲಾಯಿತು. ಹಳೆಯ ಬರಹಗಳಲ್ಲಿ ಪ್ರಶಸ್ತಿಗಳ ಸಂಖ್ಯೆ 42 ಎಂದು ಕಾಣುವುದು ಇದರಿಂದಲೇ.

ಮೆಕ್‌ಡಾನೆಲ್ ಕೃಷಿಯನ್ನು ಎಂದೂ ಬಿಡಲಿಲ್ಲ. ಒಕ್ಲಹೋಮಾದ ಪ್ರಯರ್ ಬಳಿ ದನಗಳ ದೊಡ್ಡ ಫಾರ್ಮ್ ನಡೆಸುತ್ತಿದ್ದರು. ಫಯಟ್‌ವಿಲ್‌ನ ಹೊರಾಂಗಣ ಟ್ರ್ಯಾಕ್‌ಗೆ ಅವರು ಹುದ್ದೆಯಲ್ಲಿರುವಾಗಲೇ ಅವರ ಹೆಸರಿಡಲಾಯಿತು. 2008ರಲ್ಲಿ ನಿವೃತ್ತರಾದಾಗ ಆ ಸ್ಥಾನಕ್ಕೆ ಕ್ರಿಸ್ ಬಕ್ನಮ್ ಬಂದರು. ಮೆಕ್‌ಡಾನೆಲ್ ಕಾಲದಲ್ಲಿ ಅರ್ಕನ್ಸಾದಲ್ಲಿ ಟ್ರಿಪಲ್ ಜಂಪ್ ಕಲಿತ ಕೆನಡಾದ ಎಡ್ರಿಕ್ ಫ್ಲೊರಿಯಲ್ ಮುಂದೆ ತಾವೂ ಕೋಚ್ ಆದರು. ಅವರ ಕೈಕೆಳಗೆ ಟೆಕ್ಸಾಸ್ ವಿಶ್ವವಿದ್ಯಾಲಯದ ಮಹಿಳಾ ತಂಡ 2023ರಲ್ಲಿ ರಾಷ್ಟ್ರೀಯ ಹೊರಾಂಗಣ ಪ್ರಶಸ್ತಿ ಗೆದ್ದಿತು.