ಹೇಮಾವತಿಯ ಸೀಮೆಯ ಕೋಟೆಗಳು

ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳು ರಾಜ್ಯಕ್ಕುಂಟೆಂದು ಕೌಟಿಲ್ಯನು ಹೇಳಿರುವನಷ್ಟೆ. ಇವುಗಳಲ್ಲಿ ದುರ್ಗಕ್ಕೆ ಜನಪದದ ಅನಂತರವೂ ಕೋಶಕ್ಕೆ ಮೊದಲೂ ಸ್ಥಾನವಿರುವುದು ಗಮನಾರ್ಹವಾಗಿದೆ. ಕಾಪಾಡಬೇಕಾದ ಜನರಿಲ್ಲದೆ ಕೋಟೆಯಿಲ್ಲ. ಕೋಟೆಯಿಲ್ಲದೆ ಬೊಕ್ಕಸವು ಉಳಿಯುವುದಿಲ್ಲ. ಮನುವು ಧನ್ವ, ಮಹೀ, ಜಲ, ವೃಕ್ಷ, ನೃ, ಗಿರಿ ಎಂದು ಆರು ಬಗೆಯ ದುರ್ಗಗಳನ್ನೆಣಿಸಿ, ಗಿರಿದುರ್ಗವೇ ಉತ್ತಮವೆಂದಿರುವನು. ಈ ಆರರಲ್ಲಿ ಕೆಲವನ್ನಾದರೂ ಪುಸ್ತಕದಲ್ಲಲ್ಲದೆ ನೆಲದ ಮೇಲೆ ಕಾಣಬೇಕೆಂಬವರು ದೂರ ಹೋಗಬೇಕಾಗಿಲ್ಲ. ವಿಮಾನ ನಿಲ್ದಾಣದ ಕಾಮಗಾರಿಯಿಂದ ಈಚೆಗೆ ಹೆಸರು ಕೇಳಿಬರುತ್ತಿರುವ ಹಾಸನದ ಬಳಿಯ ಬೂವನಹಳ್ಳಿಯಿಂದ ಯಾವ ದಿಕ್ಕಿಗೆ ಹೊರಟರೂ ಒಂದು ದಿನದೊಳಗೆ ಹೋಗಿ ಬರುವಷ್ಟು ದೂರದಲ್ಲಿ ಹೇಮಾವತಿಯ ಸೀಮೆಯ ಕೋಟೆಗಳಿವೆ.

ನದಿಯ ಕಣಿವೆಯ ಕೋಟೆಗಳೆಂದೊಡನೆ ಯೂರೋಪಿನ ಚರಿತ್ರೆಯನ್ನೋದಿದವರಿಗೆ ಜರ್ಮನಿ ದೇಶದ ರೈನ್ ನದಿಯು ನೆನಪಾಗುವುದು ಸಹಜ. ಬಿಂಗೆನ್ ಪಟ್ಟಣದಿಂದ ಕೊಬ್ಲೆನ್ಜ್‌ವರೆಗಿನ ಸುಮಾರು 65 ಕಿಲೋಮೀಟರು ಉದ್ದದ ಕಣಿವೆಯಲ್ಲಿ ನಲವತ್ತರಷ್ಟು ಕೋಟೆಗಳು ಸಾಲಾಗಿ ನಿಂತಿವೆ. ಇವುಗಳಲ್ಲಿ ಹಲವಕ್ಕೆ ಆಧಾರವಾಗಿದ್ದುದು ಸುಂಕ. ರೈನ್ ನದಿಯು ವರ್ಷವಿಡೀ ಸರಕಿನ ದೋಣಿಗಳು ಓಡಾಡುವ ಹೆದ್ದಾರಿಯಾಗಿದ್ದಿತು. ದಡದ ಪ್ರಭುಗಳು ತಮ್ಮ ಕೋಟೆಯಡಿಯಲ್ಲಿ ದೋಣಿಗಳನ್ನು ತಡೆದು ಹಣವನ್ನು ವಸೂಲು ಮಾಡುತ್ತಿದ್ದರು. 1245 ರಲ್ಲಿ ಕಟ್ಟಲಾದ ರೈನ್‌ಫೆಲ್ಸ್ ಕೋಟೆಯ ಉದ್ದೇಶ ಇದೇ. ಕೌಬ್ ಎಂಬ ಊರಿನ ಎದುರಿಗೆ ನದಿಯ ನಡುಗಡ್ಡೆಯ ಮೇಲೆಯೇ ನಿಂತಿರುವ ಕೋಟೆಯಂತೂ ಮನುವಿನ ಜಲದುರ್ಗಕ್ಕೆ ನೇರವಾದ ಉದಾಹರಣೆ. 1868 ರ ಮನ್‌ಹೈಮ್ ಒಪ್ಪಂದದಿಂದ ರೈನಿನ ನೌಕಾಸಂಚಾರವು ಸುಂಕದಿಂದ ಮುಕ್ತವಾಯಿತು.

ಹೇಮಾವತಿಯ ಸ್ವಭಾವವೇ ಬೇರೆ. ಪಶ್ಚಿಮ ಘಟ್ಟದಲ್ಲಿ, ಹೊಯ್ಸಳರ ಹೆಸರನ್ನು ಹೊತ್ತಿರುವ ಬಲ್ಲಾಳರಾಯನದುರ್ಗದ ಸಮೀಪದಲ್ಲಿ ಹುಟ್ಟಿ, ಸಕಲೇಶಪುರ, ಗೊರೂರು, ಹೊಳೆನರಸೀಪುರಗಳನ್ನು ಹಾದು, ಸುಮಾರು 245 ಕಿಲೋಮೀಟರು ಹರಿದು ಕಾವೇರಿಯನ್ನು ಸೇರುವ ಈ ಹೊಳೆಯು ಮಳೆಗಾಲದಲ್ಲಿ ದಡ ಮೀರುವುದು, ಬೇಸಗೆಯಲ್ಲಿ ಬಂಡೆಗಳ ನಡುವೆ ಅಡಗುವುದು. ಇಲ್ಲಿ ಹರಿಗೋಲು ಆಚೆಯ ದಡಕ್ಕೆ ದಾಟಿಸುತ್ತಿದ್ದಿತೇ ಹೊರತು ಊರಿಂದೂರಿಗೆ ಸರಕನ್ನು ಸಾಗಿಸುತ್ತಿರಲಿಲ್ಲ. ಸರಕು ಹೋಗುತ್ತಿದ್ದುದು ಎತ್ತಿನ ಬೆನ್ನಿನ ಮೇಲೆ, ಘಟ್ಟದ ದಾರಿಯಲ್ಲಿ. ಆದುದರಿಂದ ಇಲ್ಲಿಯ ಕೋಟೆಗಳು ಕಾಯುತ್ತಿದ್ದುದು ಹೊಳೆಯ ಹರಿವನ್ನಲ್ಲ. ಹೊಳೆಯ ಕಡವನ್ನು, ಕೆರೆಯ ಬಯಲನ್ನು, ಘಟ್ಟದ ಬಾಯನ್ನು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ಕೋಟೆ ಎಲ್ಲಿ ಏಕಿದೆಯೆಂಬುದು ತಾನಾಗಿ ತಿಳಿಯುವುದು.

ಕಡವನ್ನು ಕಾಯ್ದುದು ಹೊಳೆನರಸೀಪುರ. ಊರಿನ ಹೆಸರಿನಲ್ಲಿಯೇ ಹೊಳೆಯೂ ಇದೆ, ಕೋಟೆಯೊಳಗಿನ ದೇವರಾದ ಲಕ್ಷ್ಮೀನರಸಿಂಹನೂ ಇದ್ದಾನೆ. ಇಲ್ಲಿಯ ಕೋಟೆಯನ್ನು 1168 ರಲ್ಲಿ ನರಸಿಂಹನಾಯಕನೆಂಬ ಪಾಳೆಯಗಾರನು ಕಟ್ಟಿಸಿದನೆಂದು ಸ್ಥಳದ ಇತಿಹಾಸವು ಹೇಳುವುದು. ಹೊಯ್ಸಳ ಒಂದನೆಯ ನರಸಿಂಹನು ಆಳುತ್ತಿದ್ದ ಕಾಲವದು. 1667 ರಲ್ಲಿ ಕೋಟೆಯು ಮೈಸೂರು ಅರಸರ ವಶವಾಯಿತು.

ಬಯಲನ್ನು ಕಾಯ್ದುದು ಚನ್ನರಾಯಪಟ್ಟಣ. ಇದು ಹೊಳೆಯಿಂದ ದೂರವಿದ್ದರೂ ಹೊಳೆನರಸೀಪುರದ ನಾಯಕರ ಸೀಮೆಗೆ ಸೇರಿದ್ದುದರಿಂದ ಇಲ್ಲಿ ಬಿಡಲಾಗದು. ಇದರ ಪೂರ್ವದ ಹೆಸರು ಕೊಳತೂರು. 1600 ರ ಸುಮಾರಿನಲ್ಲಿ ಆ ನಾಯಕರ ಕೈಗೆ ಬಂದು, ಚನ್ನರಾಯಸ್ವಾಮಿಯ ಹೆಸರಿನಿಂದ ಚನ್ನರಾಯಪಟ್ಟಣವಾಯಿತು. ಕೋಟೆಯು ಆಮೇಲಿನದು. ಅದಕ್ಕೆ ನೀರಿನ ಕಂದಕವನ್ನೂ ಅಡ್ಡಗೋಡೆಯ ಬಾಗಿಲುಗಳನ್ನೂ ಮಾಡಿಸಿದವನು ಹೈದರಾಲಿ. ನೇರವಾಗಿ ತೆರೆಯುವ ಬಾಗಿಲನ್ನು ಆನೆಯೂ ಫಿರಂಗಿಯೂ ಮುರಿಯಬಲ್ಲವು. ಬಾಗಿಲ ಮುಂದೆ ಗೋಡೆಯೊಂದು ಅಡ್ಡ ನಿಂತು ದಾರಿಯನ್ನು ತಿರುಗಿಸಿದರೆ ಆನೆಗೆ ಓಟದ ವೇಗ ಸಿಕ್ಕದು, ಗುಂಡಿಗೆ ಗುರಿ ಸಿಕ್ಕದು. ಮರಾಠರ ಕುದುರೆದಂಡು ಈ ಬಯಲಿನಲ್ಲಿ ಪದೇ ಪದೇ ಓಡಾಡಿದ ಕಾಲವದು. ಇಲ್ಲಿಂದ ಬಹುದೂರವಲ್ಲದ ಚಿನಕುರಳಿಯಲ್ಲಿಯೇ 1771 ರಲ್ಲಿ ಹೈದರನ ಸೈನ್ಯವು ಅವರಿಂದ ದೊಡ್ಡ ಸೋಲನ್ನನುಭವಿಸಿತು.

ಹೊಳೆಯ ಬಲಗಡೆಗೆ ಅರಕಲಗೂಡು. ಅರ್ಕೇಶ್ವರನ ಊರಾದುದರಿಂದ ಅರ್ಕಪುರಿಯೆಂದು ಇದಕ್ಕೆ ಪ್ರಾಚೀನ ನಾಮವುಂಟು. ಈಗಿನ ಪಟ್ಟಣವನ್ನು 1568 ರ ಸುಮಾರಿಗೆ ಕೃಷ್ಣಪ್ಪನಾಯಕನು ನೆಲೆಗೊಳಿಸಿದನೆಂದು ಹೇಳುವರು. ರಕ್ಕಸತಂಗಡಿಯ ಯುದ್ಧವು 1565 ರಲ್ಲಿ ನಡೆಯಿತೆಂಬುದನ್ನು ನೆನೆದರೆ ಈ ಕಾಲದ ಅರ್ಥ ಸ್ಪಷ್ಟವಾಗುವುದು. ವಿಜಯನಗರದ ನೆರಳು ತಪ್ಪಿದೊಡನೆ ನಾಯಕರೆಲ್ಲರೂ ತಮ್ಮ ತಮ್ಮ ಗೋಡೆಗಳನ್ನು ತಾವೇ ನೋಡಿಕೊಳ್ಳಬೇಕಾಯಿತು. ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಈ ಊರೂ ಮೈಸೂರಿಗೆ ಸೇರಿತು.

ಇನ್ನು ಘಟ್ಟದ ಬಾಯಿಗೆ ಬರೋಣ. ಸಕಲೇಶಪುರದಿಂದ ಸುಮಾರು 6 ಕಿಲೋಮೀಟರು ದೂರದಲ್ಲಿ, ದೋಣಿಗಾಲಿನ ಬಳಿ, ಸಮುದ್ರಮಟ್ಟಕ್ಕೆ 3,240 ಅಡಿ ಎತ್ತರದ ಗುಡ್ಡದ ನೆತ್ತಿಯಲ್ಲಿ ಮಂಜರಾಬಾದ್ ಕೋಟೆಯಿದೆ. ಇದನ್ನು ಕಟ್ಟಿಸಿದವನು ಟಿಪ್ಪು ಸುಲ್ತಾನ. ಮುಗಿದುದು 1792 ರಲ್ಲಿ. ಮಂಜು ಮುಸುಕಿದ ಗುಡ್ಡವನ್ನು ಕಂಡು ಅವನು ಈ ಹೆಸರಿಟ್ಟನೆಂದು ಜನರ ಹೇಳಿಕೆ. ಮೆಟ್ಟಿಲುಗಳನ್ನೇರಿ ಹೋದವರು ಪ್ರವೇಶದ್ವಾರದ ಕಮಾನಿನಡಿಯಲ್ಲಿ ಒಮ್ಮೆ ತಲೆಯೆತ್ತಿ ನೋಡತಕ್ಕದ್ದು. ಕೋಟೆಯ ನಕ್ಷೆಯನ್ನೇ ಅಲ್ಲಿ ಮೇಲ್ಛಾವಣಿಯಲ್ಲಿ ಕೆತ್ತಿದ್ದಾರೆ. ಎಂಟು ಮೂಲೆಗಳ ನಕ್ಷತ್ರದಾಕಾರ. ಒಳಗೆ ನಡುವೆ ಮೆಟ್ಟಿಲಿಳಿಯುವ ಕೊಳ, ಪಕ್ಕದಲ್ಲಿ ಮದ್ದಿನ ನೆಲಮಾಳಿಗೆಗಳು, ಗೋಡೆಗೊತ್ತಿ ಸಿಪಾಯಿಗಳ ಕೊಠಡಿಗಳು.

ಈ ನಕ್ಷತ್ರವು ಅಲಂಕಾರಕ್ಕಾಗಿ ಬಂದುದಲ್ಲ. ದುಂಡಾದ ಅಥವಾ ಚೌಕವಾದ ಬುರುಜಿನ ಬುಡಕ್ಕೆ ಶತ್ರುವು ಒಮ್ಮೆ ಬಂದು ಸೇರಿದರೆ ಮೇಲಿನವರಿಗೆ ಅವನು ಕಾಣನು. ಗೋಡೆಯನ್ನು ಚೂಪು ಮೂಲೆಗಳಾಗಿ ಮುಂಚಾಚಿಸಿದರೆ ಒಂದು ಮೂಲೆಯ ಬುಡವನ್ನು ಪಕ್ಕದ ಮೂಲೆಯಿಂದ ಹೊಡೆಯಬಹುದು. ಕಣ್ಣಿಗೆ ಮರೆಯಾದ ಸ್ಥಳವೇ ಉಳಿಯುವುದಿಲ್ಲ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಕೋಟೆಯ ಶಿಲ್ಪಿ ವೊಬಾನನು ಈ ವಿದ್ಯೆಯನ್ನು ಪೂರ್ಣಸ್ಥಿತಿಗೆ ತಂದವನು. ರೈನ್ ನದಿಯ ಮೇಲ್ಭಾಗದಲ್ಲಿ, ಫ್ರಾನ್ಸಿನ ಗಡಿಯಲ್ಲಿ, ಅವನು ಯೋಜಿಸಿದ ನೊಫ್ ಬ್ರಿಸಾಕ್ ಪಟ್ಟಣವೂ ಎಂಟು ಮೂಲೆಯದೇ. ಟಿಪ್ಪುವಿನ ಬಳಿಯಿದ್ದ ಫ್ರೆಂಚರ ಮೂಲಕ ಆ ವಿದ್ಯೆಯು ಹೇಮಾವತಿಯ ಸೀಮೆಗೆ ಬಂದಿತು. ರೈನಿಗೂ ಹೇಮಾವತಿಗೂ ಇರುವ ನಿಜವಾದ ಸಂಬಂಧ ಇದೊಂದೇ. ಅದು ದೃಶ್ಯದ ಹೋಲಿಕೆಯಲ್ಲ, ವಿದ್ಯೆಯ ಹೋಲಿಕೆ.

1792 ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪುವು ತನ್ನ ರಾಜ್ಯದ ಅರ್ಧವನ್ನು ಕಳೆದುಕೊಂಡನು. ಮಲೆಯಾಳವೂ ಕೊಡಗೂ ಕೈತಪ್ಪಿದುವು. ಉಳಿದ ಕರಾವಳಿಗೆ, ಮಂಗಳೂರಿನ ರೇವಿಗೆ, ಇಳಿಯುವ ಘಟ್ಟದ ದಾರಿಯು ಅಂದಿನಿಂದ ಇಮ್ಮಡಿ ಬೆಲೆಯುಳ್ಳದ್ದಾಯಿತು. ಕೋಟೆಯು ಆ ದಾರಿಯನ್ನು ಕೆಳಗಿಟ್ಟುಕೊಂಡು ನಿಂತಿತು. ಆದರೆ ಏಳೇ ವರ್ಷಗಳಲ್ಲಿ, 1799 ರಲ್ಲಿ, ರಾಜಧಾನಿಯೇ ಬಿದ್ದಿತು; ಗಡಿಯ ಗಿರಿದುರ್ಗವು ಅದನ್ನುಳಿಸಲಾರದಾಯಿತು.

ಅನಂತರ ಇಂಗ್ಲಿಷರನ್ನು ಈ ಸೀಮೆಯಲ್ಲಿ ಕಾಡಿದುದು ಕಲ್ಲಿನ ನಕ್ಷತ್ರವಲ್ಲ, ಕಾಡಿನ ಬೇಲಿ. ಬಲಂ ಸೀಮೆಯ ವೆಂಕಟಾದ್ರಿನಾಯಕನು ಅರೆಕೆರೆಯ ಸುತ್ತಲಿನ ದಟ್ಟವಾದ ಅರಣ್ಯವನ್ನೇ ಕೋಟೆಯಾಗಿ ಮಾಡಿಕೊಂಡು ಎದುರಿಸಿದನು. ಮುಂದೆ 1815 ರಲ್ಲಿ ವಾಟರ್ಲೂ ರಣಭೂಮಿಯಲ್ಲಿ ನೆಪೋಲಿಯನ್ನನನ್ನು ಗೆದ್ದ ಆರ್ಥರ್ ವೆಲ್ಲೆಸ್ಲಿಯೇ 1802 ರ ಜನವರಿಯಲ್ಲಿ ಸೈನ್ಯದೊಡನೆ ಬರಬೇಕಾಯಿತು. ಅರೆಕೆರೆ ಬಿದ್ದಿತು, ಅದೇ ವರ್ಷ ನಾಯಕನು ಸೆರೆಸಿಕ್ಕಿ ನೇಣಿಗೇರಿದನು. ಮನುವಿನ ವೃಕ್ಷದುರ್ಗಕ್ಕೆ ಈ ಜಿಲ್ಲೆಯಲ್ಲಿ ದೊರೆಯುವ ಉದಾಹರಣೆ ಇಂತಹುದು. ಅಲ್ಲಿ ನೋಡಲು ಗೋಡೆಯಿಲ್ಲವೆಂದು ಆ ಚರಿತ್ರೆಯನ್ನು ಬಿಡತಕ್ಕದ್ದೆ?

ಈ ಪ್ರಶ್ನೆಯು ಮಹೀದುರ್ಗಗಳಿಗೂ ಸಲ್ಲುವುದು. ಈಗಿನ ಪ್ರವಾಸಿಗಳು ಮಂಜರಾಬಾದಿಗೆ ಹೋಗಿ, ಬಯಲುಸೀಮೆಯ ಕೋಟೆಗಳನ್ನು ಮಣ್ಣಿನ ದಿಬ್ಬಗಳೆಂದು ಬಿಡುವರು. ಆದರೆ ಮಣ್ಣಿನ ಗೋಡೆಯು ಬಡತನದ ಗುರುತಲ್ಲ. ಕಲ್ಲಿಗೆ ತಗುಲಿದ ಗುಂಡು ಕಲ್ಲನ್ನು ಸಿಡಿಸುತ್ತದೆ. ಮಣ್ಣಿಗೆ ತಗುಲಿದ ಗುಂಡು ಅಲ್ಲಿಯೇ ಹೂತುಹೋಗುತ್ತದೆ. ವೊಬಾನನೂ ತನ್ನ ಗೋಡೆಗಳ ಹಿಂದೆ ಮಣ್ಣನ್ನೇ ತುಂಬಿಸಿದನು. ಆ ಮರ್ಮವನ್ನು ನಮ್ಮ ಒಡ್ಡರೂ ಬಲ್ಲವರಾಗಿದ್ದರು. ರೈನಿನ ದಡದಲ್ಲಿ ಸ್ಟೋಲ್ಜೆನ್‌ಫೆಲ್ಸಿನಂತಹ ಪಾಳುಕೋಟೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಷ್ಯದ ಅರಸರು ಮತ್ತೆ ಕಟ್ಟಿಸಿಕೊಂಡರು. ಬಿದ್ದ ಕಲ್ಲನ್ನು ಎತ್ತಿಡಬಹುದು. ಕರಗಿದ ಮಣ್ಣನ್ನು ಎತ್ತಿಡಲಾಗದು. ಪ್ರತಿ ಮಳೆಗಾಲವೂ ಅದರದೊಂದು ಪಾಲನ್ನು ಒಯ್ಯುವುದು. ಮಿಕ್ಕುದು ಮನೆಗಳ ತಳಪಾಯಕ್ಕೂ ಹೊಲಕ್ಕೂ ಹೋಗುವುದು. ಕಂದಕವು ತುಂಬಿ ಬೀದಿಯಾಗುವುದು. ಕೊನೆಗೆ ಉಳಿಯುವುದು ‘ಕೋಟೆ’ ಎಂಬ ಬೀದಿಯ ಹೆಸರೊಂದೇ.

ಆದುದರಿಂದ ಈ ಊರುಗಳಿಗೆ ಹೋಗುವವರು ದೇವಾಲಯದ ದರ್ಶನವಾದ ಮೇಲೆ ಹಳೆಯ ಬಾಗಿಲು ಎಲ್ಲಿದ್ದಿತು, ಕಂದಕದ ತಗ್ಗು ಯಾವ ಬೀದಿಯಲ್ಲಿ ಇಳಿಯುತ್ತದೆ, ದಿಬ್ಬವು ಎಲ್ಲಿಂದ ಎಲ್ಲಿಗೆ ಸಾಗುತ್ತದೆ ಎಂಬುದನ್ನು ಅಲ್ಲಿಯ ವೃದ್ಧರಿಂದ ಕೇಳಿ, ಹೆಜ್ಜೆಯಿಂದಾದರೂ ಅಳೆದು, ಬರೆದಿಟ್ಟುಕೊಳ್ಳುವುದು ಲೇಸು. ಶಾಲೆಯ ಮಕ್ಕಳೂ ಒಂದು ರಜಾ ದಿನದಲ್ಲಿ ಮಾಡಬಹುದಾದ ಕೆಲಸವಿದು. ಮಂಜರಾಬಾದಿನ ನಕ್ಷೆಯನ್ನು ಕಟ್ಟಿದವರೇ ಕಲ್ಲಿನಲ್ಲಿ ಕೆತ್ತಿಟ್ಟರು. ಮಣ್ಣಿನ ಕೋಟೆಗಳ ನಕ್ಷೆಯನ್ನು ಬರೆಯುವ ಭಾರವು ಈಗ ಅವುಗಳ ನೆರಳಿನಲ್ಲಿ ಮನೆಮಾಡಿರುವವರ ಮೇಲಿದೆ.